ಸರ್ವರ್ ದೋಷಗಳೂ ಇ-ಮೇಲ್ ಎಚ್ಚರಿಕೆಯೂ

ಗ್ರಂಥಾಲಯದ ಗ್ರಂಥಸೂಚಿ, ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಲೆಕ್ಕ ಇವೆಲ್ಲವನ್ನೂ ಇಂದು ಸರ್ವರ್‌ಗಳ ಮೇಲೆ ನಡೆಯುವ ಆನ್ವಯಿಕ ತಂತ್ರಾಂಶಗಳು ಒದಗಿಸುತ್ತವೆ. ಅಂಥ ತಂತ್ರಾಂಶದಲ್ಲಿ ದೋಷವುಂಟಾದಾಗ ಅದು ಸಾಮಾನ್ಯವಾಗಿ ದಾಖಲೆಯ ಕಡತದಲ್ಲಿ ಒಂದು ಸಾಲಾಗಿ ಸೇರುತ್ತದೆ. ಕಡತವನ್ನು ಯಾರೂ ತೆರೆದು ನೋಡದಿದ್ದರೆ ಆ ಸಾಲಿನಿಂದ ಪ್ರಯೋಜನವಿಲ್ಲ. ಆದುದರಿಂದ ದೋಷವುಂಟಾದೊಡನೆ ಮೇಲ್ವಿಚಾರಕರಿಗೆ ಇ-ಮೇಲ್ ಹೋಗುವಂತೆ ಏರ್ಪಡಿಸುವ ಪದ್ಧತಿ ರೂಢಿಗೆ ಬಂದಿದೆ. ಓಲೆ ಹೋಗುವುದು ಬೇರೆ, ಎಚ್ಚರಿಕೆ ಮುಟ್ಟುವುದು ಬೇರೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆಯಲ್ಲಿ 2012ರ ಆಗಸ್ಟ್ 1ರಂದು ನಡೆದ ಸಂಗತಿಯನ್ನು ನಾವು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆದೇಶಗಳನ್ನು ಮಾರುಕಟ್ಟೆಗೆ ರವಾನಿಸುವ ಅದರ ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಮಾತ್ರ ಹೊಸ ತಂತ್ರಾಂಶವನ್ನು ಅಳವಡಿಸಲಾಗಿತ್ತು. ಎಂಟನೆಯದರಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಭಾಗ ಉಳಿದುಹೋಗಿತ್ತು. ಅದರ ಬಳಕೆ 2003ರಲ್ಲಿಯೇ ನಿಂತಿತ್ತು. ಅಂದು ಬೆಳಗ್ಗೆ ಸುಮಾರು 8 ಗಂಟೆ 1 ನಿಮಿಷದಿಂದ, ಮಾರುಕಟ್ಟೆ ತೆರೆಯುವ 9 ಗಂಟೆ 30 ನಿಮಿಷದವರೆಗೆ, ‘ಪವರ್ ಪೆಗ್’ನ ದೋಷವನ್ನು ಹೆಸರಿಸಿದ 97 ಇ-ಮೇಲ್‌ಗಳು ಸಿಬ್ಬಂದಿಯ ಒಂದು ಗುಂಪಿಗೆ ಹೋದವು. ಯಾರೂ ಅವನ್ನು ಗಮನಿಸಿ ಕ್ರಮ ಕೈಗೊಳ್ಳಲಿಲ್ಲ. ಮಾರುಕಟ್ಟೆ ತೆರೆದ ಮೇಲೆ ಸುಮಾರು 45 ನಿಮಿಷಗಳಲ್ಲಿ ಹೊರಟ ತಪ್ಪು ಆದೇಶಗಳಿಂದ ಸಂಸ್ಥೆಗೆ 46 ಕೋಟಿ ಡಾಲರುಗಳಿಗೂ ಮಿಕ್ಕ ನಷ್ಟವಾಯಿತು. ಅವು ಎಚ್ಚರಿಕೆಗಳೆಂದು ರೂಪಿಸಿದ ಓಲೆಗಳಾಗಿರಲಿಲ್ಲವೆಂದೂ ಸಿಬ್ಬಂದಿ ಸಾಮಾನ್ಯವಾಗಿ ಅವನ್ನು ಓದುತ್ತಿರಲಿಲ್ಲವೆಂದೂ ಅಲ್ಲಿಯ ಷೇರುಪೇಟೆಯ ನಿಯಂತ್ರಣ ಆಯೋಗವು 2013ರ ತನ್ನ ಆದೇಶದಲ್ಲಿ ದಾಖಲಿಸಿತು.

ಹಾಗಾದರೆ ಎಚ್ಚರಿಕೆಯನ್ನು ರೂಪಿಸುವುದು ಹೇಗೆ? ಮೊದಲನೆಯದು ತೀವ್ರತೆಯ ವಿಂಗಡಣೆ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದೊಡನೆ ರೂಪಿಸಿದ ಸಿಸ್‌ಲಾಗ್ ಪದ್ಧತಿಯಲ್ಲಿ ಸಂದೇಶಗಳಿಗೆ 0ಯಿಂದ 7ರವರೆಗೆ ಎಂಟು ಮಟ್ಟಗಳಿವೆ. 0 ಎಂದರೆ ವ್ಯವಸ್ಥೆಯೇ ನಿರುಪಯೋಗಿಯಾದ ಸ್ಥಿತಿ, 3 ದೋಷ, 4 ಮುನ್ನೆಚ್ಚರಿಕೆ, 7 ತಂತ್ರಾಂಶವನ್ನು ಬರೆಯುವವರಿಗೆ ಮಾತ್ರ ಬೇಕಾದ ವಿವರ. ಎಲ್ಲವೂ ಕಡತಕ್ಕೆ ಸೇರಲಿ. ಆದರೆ 3ನೆಯ ಮಟ್ಟವೂ ಅದಕ್ಕಿಂತ ತೀವ್ರವಾದವೂ ಮಾತ್ರ ಅಂಚೆಗೆ ಬೀಳಲಿ.

ಎರಡನೆಯದು ಪುನರುಕ್ತಿಯ ನಿವಾರಣೆ. ಪೈಥಾನ್ ಭಾಷೆಯ ಲಾಗಿಂಗ್ ವಿಭಾಗದಲ್ಲಿರುವ ಅಂಚೆಯ ಸಾಧನವು ದಾಖಲೆಯೊಂದಕ್ಕೆ ಒಂದು ಓಲೆಯಂತೆ ಕಳುಹಿಸುತ್ತದೆ. ದತ್ತಸಂಚಯದ ಸಂಪರ್ಕ ಕಡಿದ ಹೊತ್ತಿನಲ್ಲಿ ಸಾವಿರ ಜನ ಪುಟವನ್ನು ತೆರೆದರೆ ಸಾವಿರ ಓಲೆಗಳು ಬಂದು ಬೀಳುತ್ತವೆ. ಓದುವವನು ಬೇಸತ್ತು ಅವನ್ನೆಲ್ಲ ಪ್ರತ್ಯೇಕ ಕೋಶಕ್ಕೆ ತಳ್ಳುತ್ತಾನೆ. ಅವುಗಳೊಡನೆ ನಿಜವಾಗಿ ಓದಬೇಕಾದ ಓಲೆಯೂ ಅಲ್ಲಿಗೇ ಹೋಗುತ್ತದೆ. ಆದುದರಿಂದ ಒಂದೇ ಬಗೆಯ ದೋಷಗಳನ್ನು ಒಟ್ಟುಗೂಡಿಸಿ, ನಿಗದಿಯಾದ ಅವಧಿಗೆ ಒಂದೇ ಓಲೆಯಲ್ಲಿ ಅವುಗಳ ಸಂಖ್ಯೆಯನ್ನು ತಿಳಿಸುವುದು ಲೇಸು.

ಮೂರನೆಯದು ಓಲೆಯ ಒಕ್ಕಣೆ. ಯಾವ ಸರ್ವರ್, ಯಾವ ವೇಳೆ, ಯಾವ ದೋಷ, ತಂತ್ರಾಂಶದ ಯಾವ ಸಾಲು ಎಂಬಿಷ್ಟು ಇರಬೇಕು. ಬಳಕೆದಾರರ ಗುಪ್ತಪದ ಮುಂತಾದವು ಇರಲೇಕೂಡದು. ಇ-ಮೇಲ್ ಹಲವು ಯಂತ್ರಗಳನ್ನು ಹಾದು ಬರುವುದೆಂಬುದನ್ನು ನಾವು ಮರೆಯಬಾರದು.

ನಾಲ್ಕನೆಯದು ಅಂಚೆಯ ಮಿತಿ. ಇ-ಮೇಲ್ ತಕ್ಷಣ ತಲಪಲೇಬೇಕೆಂಬ ನಿಯಮವಿಲ್ಲ. ರವಾನೆ ವಿಫಲವಾದರೆ ಮರುಪ್ರಯತ್ನಕ್ಕೆ ಮೊದಲು ಕನಿಷ್ಠ 30 ನಿಮಿಷ ಕಾಯುವುದು ಉಚಿತವೆಂದು 2008ರಲ್ಲಿ ಪ್ರಕಟವಾದ ಎಸ್‌ಎಂಟಿಪಿ ನಿಯಮಾವಳಿ ಹೇಳುತ್ತದೆ. ಸರ್ವರ್ ಪೂರ್ತಿ ನಿಂತುಹೋದರಂತೂ ಅದು ತನ್ನ ಸುದ್ದಿಯನ್ನು ತಾನೇ ತಿಳಿಸಲಾರದು. ಆದಕಾರಣ ಹೊರಗಿನ ಬೇರೊಂದು ಯಂತ್ರವು ಆಗಾಗ್ಗೆ ಅದನ್ನು ವಿಚಾರಿಸುತ್ತಿರಬೇಕು. ಅತಿ ತುರ್ತಿನ ಸಂಗತಿಗಳಿಗೆ ದೂರವಾಣಿಯ ಕರೆಯೂ ಇರಬೇಕು.

ಕೊನೆಯದು ಹೊಣೆ. ಗುಂಪಿಗೆ ಬಂದ ಓಲೆಯನ್ನು ಇನ್ನೊಬ್ಬರು ನೋಡಿಯಾರೆಂದು ಪ್ರತಿಯೊಬ್ಬರೂ ಸುಮ್ಮನಿರುವುದು ಸಹಜ. ಪ್ರತಿ ಪಾಳಿಗೂ ಒಬ್ಬರನ್ನು ನೇಮಿಸಿ, ಅವರು ನಿಗದಿತ ವೇಳೆಯೊಳಗೆ ಉತ್ತರಿಸದಿದ್ದರೆ ಸುದ್ದಿ ಮತ್ತೊಬ್ಬರಿಗೆ ಹೋಗುವಂತೆ ಏರ್ಪಡಿಸಬೇಕು. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಈ ವಿಷಯವನ್ನು ಬೋಧಿಸುವಾಗ, ವಿದ್ಯಾರ್ಥಿಗಳಿಂದ ಬೇಕೆಂದೇ ಒಂದು ದೋಷವನ್ನುಂಟುಮಾಡಿಸಿ, ಓಲೆ ಬಂದಿತೇ ಎಂಬುದನ್ನಷ್ಟೇ ಅಲ್ಲದೆ, ಅದನ್ನು ಯಾರು ಎಷ್ಟು ಹೊತ್ತಿನಲ್ಲಿ ಓದಿ ಏನು ಮಾಡಿದರೆಂಬುದನ್ನೂ ಬರೆದಿಡಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.