ಬೆಂಕಿಗೆ ಮೊದಲೋ, ಆಮೇಲೋ? ಸ್ಯಾನ್ ಫ್ರಾನ್ಸಿಸ್ಕೊ ದುರಂತದ ಛಾಯಾಚಿತ್ರಗಳು

1906ರ ಏಪ್ರಿಲ್ 18ರಂದು ಬೆಳಗಿನ 5 ಗಂಟೆ 12 ನಿಮಿಷಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಅಲುಗಿಸಿದ ಭೂಕಂಪ ಸುಮಾರು ಒಂದು ನಿಮಿಷದಲ್ಲಿ ಮುಗಿದುಹೋಯಿತು. ಅದರ ಬೆನ್ನಿಗೇ ಹೊತ್ತಿಕೊಂಡ ಬೆಂಕಿಯಾದರೋ ಮೂರು ದಿನಗಳಿಗೂ ಹೆಚ್ಚು ಕಾಲ ಉರಿಯಿತು. ನೆಲದಡಿಯ ನೀರಿನ ಕೊಳವೆಗಳು ಒಡೆದುದರಿಂದ ಅಗ್ನಿಶಾಮಕ ದಳ ಬಹುತೇಕ ಕೈಕಟ್ಟಿ ನಿಲ್ಲಬೇಕಾಯಿತು. ಬೆಂಕಿ ಮುಂದಕ್ಕೆ ಹಬ್ಬದಂತೆ ತಡೆಯಲೆಂದು ಡೈನಮೈಟ್ ಇಟ್ಟು ಕಟ್ಟಡಗಳನ್ನು ಉರುಳಿಸಿದ್ದು ಹಲವೆಡೆ ಹೊಸ ಬೆಂಕಿಗೇ ದಾರಿ ಮಾಡಿಕೊಟ್ಟಿತು. ಸುಮಾರು 28,000 ಕಟ್ಟಡಗಳು ನಾಶವಾಗಿ, ನಾಲ್ಕು ಲಕ್ಷದಷ್ಟಿದ್ದ ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬೀದಿಪಾಲಾದರು. ಸುರುಳಿ ಫಿಲ್ಮಿನ ಅಗ್ಗದ ಕೊಡಾಕ್ ಕ್ಯಾಮೆರಾಗಳು ಆ ವೇಳೆಗಾಗಲೇ ಸಾಮಾನ್ಯರ ಕೈಸೇರಿದ್ದವಾದ್ದರಿಂದ ವೃತ್ತಿಪರರಷ್ಟೇ ಅಲ್ಲದೆ ನಿರಾಶ್ರಿತರೂ ಚಿತ್ರ ತೆಗೆದರು, ಹೀಗಾಗಿ ಈ ದುರಂತದ ಚಿತ್ರಗಳಿಗೆ ಕೊರತೆಯಿಲ್ಲ. ಆ ರಾಶಿಯಲ್ಲಿ ಒಂದೊಂದು ಚಿತ್ರದ ಬೆಲೆಯನ್ನೂ ನಿರ್ಧರಿಸುವುದು ಅದನ್ನು ತೆಗೆದ ಹೊತ್ತು: ಕಂಪನದ ನಂತರ, ಬೆಂಕಿ ಬರುವುದಕ್ಕೆ ಮೊದಲೋ, ಬೆಂಕಿ ಹಾದುಹೋದ ಮೇಲೋ?

ಈ ಪ್ರಶ್ನೆಯ ಹಿಂದೆ ದುಡ್ಡಿನ ಲೆಕ್ಕಾಚಾರವಿತ್ತು. ಅಂದಿನ ವಿಮಾ ಪಾಲಿಸಿಗಳು ಸಾಮಾನ್ಯವಾಗಿ ಬೆಂಕಿಯಿಂದಾದ ನಷ್ಟವನ್ನು ತುಂಬಿಕೊಡುತ್ತಿದ್ದವೇ ಹೊರತು ಭೂಕಂಪದ ನಷ್ಟವನ್ನಲ್ಲ. ಸಾಲದೆಂಬಂತೆ ಅನೇಕ ಪಾಲಿಸಿಗಳಲ್ಲಿ, ಬೆಂಕಿಯಿಂದಲ್ಲದೆ ಬೇರೆ ಕಾರಣದಿಂದ ಕಟ್ಟಡವು ಮೊದಲೇ ಕುಸಿದುಬಿದ್ದಿದ್ದರೆ ಆ ಕ್ಷಣದಿಂದಲೇ ವಿಮೆ ರದ್ದಾಗುತ್ತದೆಂಬ ಷರತ್ತೂ ಇತ್ತು. ಸುಟ್ಟು ಕರಕಲಾದ ಗೋಡೆಯೊಂದು ಮೊದಲು ಬಿದ್ದು ಆಮೇಲೆ ಉರಿಯಿತೋ, ಉರಿದು ಆಮೇಲೆ ಬಿತ್ತೋ ಎಂಬುದನ್ನು ಅವಶೇಷ ನೋಡಿ ಹೇಳುವುದು ಕಷ್ಟವಾದ್ದರಿಂದ, ಬೆಂಕಿ ಇನ್ನೂ ತಲುಪದ ಬೀದಿಯ ಚಿತ್ರ ಮಾಲೀಕನ ಪರವಾಗಿಯೋ ಕಂಪನಿಯ ಪರವಾಗಿಯೋ ಸಾಕ್ಷಿ ನುಡಿಯಬಲ್ಲದಾಗಿತ್ತು. ನಗರದ ವ್ಯಾಪಾರಿ ಮುಖಂಡರಿಗೂ ‘ಮಹಾ ಅಗ್ನಿದುರಂತ’ ಎಂಬ ಹೆಸರೇ ಹಿತವಾಗಿತ್ತು, ಏಕೆಂದರೆ ಬೆಂಕಿ ಯಾವ ಊರಿಗಾದರೂ ಬೀಳಬಹುದು, ಆದರೆ ನಡುಗುವ ನೆಲದ ಮೇಲೆ ಬಂಡವಾಳ ಹೂಡಲು ಯಾರೂ ಮುಂದೆ ಬರುವುದಿಲ್ಲ. ಸಾವಿನ ಲೆಕ್ಕವೂ ಹೀಗೆಯೇ ಕುಗ್ಗಿತು: ಅಂದಿನ ಅಧಿಕೃತ ಸಂಖ್ಯೆ ಐನೂರರ ಒಳಗೇ ಉಳಿದರೆ, ದಶಕಗಳ ನಂತರ ನಗರದ ದಾಖಲೆಗಾರ್ತಿ ಗ್ಲ್ಯಾಡಿಸ್ ಹ್ಯಾನ್ಸನ್ ಹೆಸರು ಹೆಸರಾಗಿ ಹುಡುಕಿದಾಗ ಅದು 3,000ವನ್ನು ಮೀರಿತು.

ಆರ್ನಾಲ್ಡ್ ಗೆಂಥೆ ತೆಗೆದ ಸ್ಯಾಕ್ರಮೆಂಟೊ ಬೀದಿಯ ಚಿತ್ರವನ್ನು ನೋಡಬೇಕಾದುದು ಈ ಹಿನ್ನೆಲೆಯಲ್ಲಿ. ಜರ್ಮನಿಯಿಂದ ಮನೆಪಾಠದ ಮೇಷ್ಟರಾಗಿ ಬಂದು ಸಿರಿವಂತರ ಭಾವಚಿತ್ರಕಾರರಾಗಿ ನೆಲೆನಿಂತಿದ್ದ ಗೆಂಥೆ, ತಮ್ಮ ಕ್ಯಾಮೆರಾಗಳೆಲ್ಲ ಕೆಟ್ಟುಹೋದುದರಿಂದ ಪರಿಚಯದ ಅಂಗಡಿಗೆ ಹೋದರೆಂದೂ, ಹೇಗೂ ಸುಟ್ಟುಹೋಗುವ ಸರಕು, ಬೇಕಾದ್ದನ್ನು ಒಯ್ಯಿರಿ ಎಂದು ಮಾಲೀಕ ಹೇಳಿದಾಗ ಕೊಡಾಕ್ ಕ್ಯಾಮೆರಾವೊಂದನ್ನು ಎತ್ತಿಕೊಂಡರೆಂದೂ ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಚಿತ್ರದಲ್ಲಿ ಇಳಿಜಾರಿನ ಬೀದಿ ಕೆಳಕ್ಕೆ ಸಾಗುತ್ತದೆ. ಅದರ ತುದಿಯಲ್ಲಿ ಆಕಾಶವನ್ನೇ ಮುಚ್ಚಿದ ಹೊಗೆ. ಬಲಗಡೆಯ ಮನೆಯ ಮುಂಗೋಡೆ ಇಡಿಯಾಗಿ ಕಳಚಿ ಬೀದಿಗೆ ಬಿದ್ದಿದೆ. ಟೋಪಿ ಧರಿಸಿದ ಗಂಡಸರು, ಉದ್ದನೆಯ ಲಂಗದ ಹೆಂಗಸರು ಹೆಚ್ಚಾಗಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಿದ್ದಾರೆ, ಕೆಲವರು ಕುರ್ಚಿ ಹಾಕಿಕೊಂಡು ಕೂತೇ ಬೆಂಕಿಯನ್ನು ನೋಡುತ್ತಿದ್ದಾರೆ. ಬೆಂಕಿ ಹತ್ತಿರವಾದಂತೆ ಜನ ಕುರ್ಚಿ ಎತ್ತಿಕೊಂಡು ಇನ್ನಷ್ಟು ಮೇಲಕ್ಕೆ ಸರಿಯುತ್ತಿದ್ದರೆಂದು ಗೆಂಥೆ ನೆನೆದಿದ್ದಾರೆ. ನೆಲ ನಡುಗಿ ಮುಗಿದ, ಉರಿ ಇನ್ನೂ ತಲುಪದ ನಡುವಿನ ಕೆಲವೇ ತಾಸುಗಳನ್ನು ಹಿಡಿದಿಟ್ಟಿರುವುದರಿಂದ, ಕಳಚಿದ ಆ ಮುಂಗೋಡೆಯನ್ನು ಮುಂದೆ ಯಾರೂ ಬೆಂಕಿಯ ಖಾತೆಗೆ ಬರೆಯಲಾಗದು. ಇದೇ ಗೆಂಥೆ ಆಮೇಲೆ ತೆಗೆದ, ಮನೆಯಿಲ್ಲದೆ ನಿಂತ ಮೆಟ್ಟಿಲುಗಳ ಮತ್ತು ಅಮೃತಶಿಲೆಯ ಕಂಬಗಳ ಚಿತ್ರಗಳು ಕಣ್ಣಿಗೆ ಸೊಗಸಾಗಿವೆಯಾದರೂ ಗ್ರೀಕ್ ಅವಶೇಷಗಳ ನೆನಪು ತರಿಸುವ ಆ ಸೊಗಸೇ ಏನಾಯಿತೆಂಬ ಪ್ರಶ್ನೆಯನ್ನು ಬದಿಗೆ ಸರಿಸುತ್ತದೆ.

ನಗರವಿಡೀ ಕಾಣುವ ಚಿತ್ರ ಬಂದದ್ದು ಕೆಲವು ವಾರಗಳ ಅನಂತರ. ಷಿಕಾಗೊದ ಜಾರ್ಜ್ ಲಾರೆನ್ಸ್ ಸಾಲಾಗಿ ಕಟ್ಟಿದ ಗಾಳಿಪಟಗಳಿಂದ ಸುಮಾರು 22 ಕಿಲೊಗ್ರಾಂ ತೂಕದ ಕ್ಯಾಮೆರಾವನ್ನು ಕೊಲ್ಲಿಯ ಮೇಲೆ 2,000 ಅಡಿ ಎತ್ತರಕ್ಕೇರಿಸಿ, ಹಗ್ಗದೊಳಗಿನ ತಂತಿಯ ಮೂಲಕ ವಿದ್ಯುತ್ ಹರಿಸಿ ಅದರ ಷಟರ್ ತೆರೆಸಿದರು. ಹಿಂದೊಮ್ಮೆ ಬಲೂನಿನಿಂದ ಬಿದ್ದು ಟೆಲಿಫೋನ್ ತಂತಿಗಳಿಗೆ ಸಿಕ್ಕಿಕೊಂಡು ಬದುಕುಳಿದ ಮನುಷ್ಯ ಗಾಳಿಪಟವನ್ನು ನೆಚ್ಚಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು ಅಡಿಯಷ್ಟು ಉದ್ದದ ಆ ವಿಶಾಲ ಚಿತ್ರದ ಪ್ರತಿಯೊಂದು 125 ಡಾಲರಿಗೆ ಮಾರಾಟವಾಯಿತು. ಆದರೆ ಅಷ್ಟು ಎತ್ತರದಿಂದ ಕಾಣುವುದು ಬೆಂಕಿ ತಿಂದುಳಿಸಿದ ಬಯಲು ಮಾತ್ರ. ನೆಲ ಮಾಡಿದ್ದೇನು, ಉರಿ ಮಾಡಿದ್ದೇನು ಎಂಬುದನ್ನು ಅದರಲ್ಲಿ ಬೇರ್ಪಡಿಸಲಾಗದು.

ಬೇರ್ಪಡಿಸಿದ್ದು ಊರಾಚೆಯ ಒಂದು ಬೇಲಿ. ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಬೋಲಿನಾಸ್ ಕಡೆಯ ಹುಲ್ಲುಗಾವಲಿನಲ್ಲಿ ತೆಗೆದ ಚಿತ್ರದಲ್ಲಿ, ಒಂದೇ ನೇರಕ್ಕೆ ಓಡುತ್ತಿದ್ದ ಮರದ ಬೇಲಿ ತುಂಡಾಗಿ ಅದರ ಎರಡು ತುದಿಗಳು ಸುಮಾರು ಎಂಟೂವರೆ ಅಡಿ ಅಂತರದಲ್ಲಿ ನಿಂತಿವೆ. ಸ್ಯಾನ್ ಆಂಡ್ರಿಯಾಸ್ ಸ್ತರಭಂಗ, ಎಂದರೆ ಭೂಮಿಯ ಹೊರಪದರದ ಎರಡು ಭಾಗಗಳು ಪರಸ್ಪರ ಉಜ್ಜಿ ಸರಿಯುವ ಬಿರುಕು, ಅಂದು ಸುಮಾರು 470 ಕಿಲೊಮೀಟರ್ ಉದ್ದಕ್ಕೆ ಸೀಳಿತ್ತು. ಆ್ಯಂಡ್ರ್ಯೂ ಲಾಸನ್ ನೇತೃತ್ವದ ಆಯೋಗ 1908ರಲ್ಲಿ ಪ್ರಕಟಿಸತೊಡಗಿದ ವರದಿ ಇಂಥ ಸಾಕ್ಷ್ಯಗಳಿಂದ ತುಂಬಿದೆ. ಕೂಡಿಟ್ಟ ಒತ್ತಡದಿಂದ ಬಾಗಿದ ಶಿಲೆ ಥಟ್ಟನೆ ಸೀಳಿ ಹಿಂದಕ್ಕೆ ಚಿಮ್ಮುವುದರಿಂದಲೇ ಭೂಕಂಪವಾಗುತ್ತದೆಂಬ ಹ್ಯಾರಿ ಫೀಲ್ಡಿಂಗ್ ರೀಡ್ ಅವರ ಸಿದ್ಧಾಂತ ರೂಪುಗೊಂಡದ್ದೂ ಅದರ ಎರಡನೆಯ ಸಂಪುಟದಲ್ಲಿ. ಬೆಂಕಿಯ ಹೆಸರಿನಲ್ಲಿ ಭೂಕಂಪವನ್ನು ಮರೆಸಲು ಹೊರಟ ನಗರಕ್ಕೆ ದನ ಕಾಯುವ ಬೇಲಿ ಅಡ್ಡ ಬಂದಿತು.

ಚಿತ್ರ ತೆಗೆದ ಹೊತ್ತನ್ನು ಖಚಿತಪಡಿಸುವ ಕೆಲಸ ಈ ಶತಮಾನದಲ್ಲೂ ನಡೆದಿದೆ. ಟ್ರಾಮಿನ ಮುಂಭಾಗದಲ್ಲಿ ಕ್ಯಾಮೆರಾ ಇಟ್ಟು ಮೈಲ್ಸ್ ಸಹೋದರರು ಮಾರ್ಕೆಟ್ ಬೀದಿಯುದ್ದಕ್ಕೂ ಚಿತ್ರೀಕರಿಸಿದ, ಹದಿಮೂರು ನಿಮಿಷಗಳಷ್ಟು ಉದ್ದದ ಮೂಕಿಚಿತ್ರವನ್ನು ಬಹುಕಾಲ 1905ರದೆಂದೇ ನಂಬಲಾಗಿತ್ತು. ಚಲನಚಿತ್ರ ಇತಿಹಾಸಕಾರ ಡೇವಿಡ್ ಕೀನ್ ಅದರಲ್ಲಿ ಕಾಣುವ ಮೋಟಾರುಗಳ ನಂಬರ್ ಪ್ಲೇಟುಗಳನ್ನು ನೋಂದಣಿ ದಾಖಲೆಗಳೊಂದಿಗೆ ತಾಳೆ ನೋಡಿ, ರಸ್ತೆಯ ಮೇಲೆ ನಿಂತ ನೀರನ್ನು ಹಳೆಯ ಪತ್ರಿಕೆಗಳ ಹವಾಮಾನ ವರದಿಗಳಿಗೆ ಹೋಲಿಸಿ, ಅದು 1906ರ ವಸಂತದ್ದು, ಭೂಕಂಪಕ್ಕೆ ಕೆಲವೇ ದಿನಗಳ ಹಿಂದಿನದು ಎಂದು ತೋರಿಸಿಕೊಟ್ಟರು. ಸಹೋದರರ ಸ್ಟುಡಿಯೊ ಬೆಂಕಿಗೆ ಆಹುತಿಯಾಯಿತಾದರೂ ಚಿತ್ರ ಅಷ್ಟರಲ್ಲೇ ರೈಲಿನಲ್ಲಿ ನ್ಯೂಯಾರ್ಕಿಗೆ ಹೊರಟಿದ್ದುದರಿಂದ ಉಳಿಯಿತು. ಊರಿನ ದಿನನಿತ್ಯದ ಓಡಾಟವನ್ನಷ್ಟೇ ತೋರಿಸುವ ಈ ಚಿತ್ರ 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದೆ. ದುರಂತದ ಹೊಗೆಯಾಗಲಿ ಅವಶೇಷವಾಗಲಿ ಅದರಲ್ಲಿ ಎಲ್ಲಿಯೂ ಇಲ್ಲ, ಆದರೂ ಈಗ ಅದನ್ನು 1906ರ ದಾಖಲೆಗಳ ಸಾಲಿನಲ್ಲೇ ನೋಡಲಾಗುತ್ತದೆ.