ಕುಡಿತ ಹೊಟ್ಟೆಯೊಳಗೆ ಮಾಡುವ ಕೆಲಸ

ಹೊಲದ ಕೆಲಸ ಮುಗಿಸಿ ಬಂದವರು 'ಮೈಕೈ ನೋವು ಹೋಗ್ತದೆ, ಹಸಿವು ಆಗ್ತದೆ' ಅಂತ ಕುಡಿಯುವುದು ನಮ್ಮ ಬಯಲುಸೀಮೆಯಲ್ಲಿ ಮಾಮೂಲು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ 90 ಮಿ.ಲೀ.ನ ವಿಸ್ಕಿ, ರಮ್ಮಿನ ಪಾಕೀಟು ಬಂತು. ಹೆಸರು ಬೇರೆ, ಒಳಗೆ ಹೋದ ಮೇಲೆ ಮಾಡುವ ಕೆಲಸ ಒಂದೇ.

ಮೊದಲು ಜಠರ. ತಿಂದದ್ದು ಕರಗಲು ಅಲ್ಲಿ ಆಮ್ಲ ಬರುತ್ತದೆ. ಆಮ್ಲ ಜಠರವನ್ನೇ ಸುಡದಂತೆ ಒಳಗೋಡೆಗೆ ಲೋಳೆಯ ಪದರ ಇದೆ, ಹೊಲಕ್ಕೆ ಮೇಲ್ಮಣ್ಣು ಇದ್ದ ಹಾಗೆ. ಮದ್ಯ ಈ ಪದರವನ್ನು ಕೆಡಿಸುತ್ತದೆ. ಆಗ ಗೋಡೆ ಊದಿ ಹೊಟ್ಟೆಯುರಿ, ವಾಕರಿಕೆ ಶುರುವಾಗುತ್ತದೆ. ಅನ್ನನಾಳದ ಕೆಳತುದಿಯ ಬಿಗಿ ಸಡಿಲವಾಗಿ ಹುಳಿತೇಗು, ಎದೆಯುರಿ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮದ್ಯ ಬೇಗ ರಕ್ತ ಸೇರುತ್ತದೆ. ಕುಡಿತದ ಜೊತೆ ನೋವಿನ ಮಾತ್ರೆಯನ್ನೂ ನುಂಗುವವರಿಗೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುವ ಅಪಾಯ ಹೆಚ್ಚು.

ಮುಂದೆ ಸಣ್ಣಕರುಳು. ಊಟದ ಸಾರ ಮೈಗೆ ಹತ್ತುವುದು ಇಲ್ಲಿಯೇ. ದಿನಾ ಕುಡಿಯುವವರಲ್ಲಿ ಬಿ-1, ಫೋಲಿಕ್ ಆಮ್ಲದಂಥ ಜೀವಸತ್ವಗಳು ಸರಿಯಾಗಿ ಹೀರಿಕೆಯಾಗುವುದಿಲ್ಲ. ಮುದ್ದೆ ಉಂಡರೂ ಮೈ ಹಿಡಿಯುವುದಿಲ್ಲ, ಕೈಕಾಲು ಜೋಮು ಹಿಡಿಯುತ್ತದೆ. ಭೇದಿಯೂ ಆಗಬಹುದು.

ಹೆಚ್ಚಿನ ಹೊರೆ ಬೀಳುವುದು ಲಿವರಿನ ಮೇಲೆ. ಲೆಕ್ಕ ನೋಡಿ. 90 ಮಿ.ಲೀ. ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಲಿವರು ಒಂದು ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಅಂದರೆ ಒಂದು ಪಾಕೀಟಿಗೆ ಮೂರು-ನಾಲ್ಕು ಗಂಟೆ ಬೇಕು. ಒಕ್ಕಣೆ ಯಂತ್ರಕ್ಕೆ ಒಂದೇ ಸಲ ತೆನೆ ತುರುಕಿದರೆ ಏನಾಗುತ್ತದೋ ಇಲ್ಲಿಯೂ ಅದೇ. ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ಯಾವುದೂ ಈ ಕೆಲಸವನ್ನು ಬೇಗ ಮಾಡಿಸಲಾರವು. ಔಷಧಿ ಸಿಂಪಡಿಸಿದ ದಿನ 'ವಿಷ ಇಳೀತದೆ' ಅಂತ ಕುಡಿಯುವವರೂ ಇದ್ದಾರೆ. ಇದು ಶುದ್ಧ ತಪ್ಪು. ಮೈಗೆ ಸೇರಿದ ಕೀಟನಾಶಕವನ್ನು ಕಳೆಯಬೇಕಾದ್ದೂ ಇದೇ ಲಿವರು.

ವರ್ಷಗಟ್ಟಲೆ ಕುಡಿದರೆ ಲಿವರಿನಲ್ಲಿ ಮೊದಲು ಕೊಬ್ಬು ಸೇರುತ್ತದೆ. ನೋವಿಲ್ಲದ್ದರಿಂದ ಗೊತ್ತೇ ಆಗುವುದಿಲ್ಲ. ಈ ಹಂತದಲ್ಲಿ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಊತ, ಕೊನೆಗೆ ಲಿವರು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಆಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಷ್ಟು ಕೆಟ್ಟದ್ದು ಮೊದಲಿನಂತಾಗುವುದು ಕಷ್ಟ. ಆದರೂ ಬಿಟ್ಟವರ ಆಯುಸ್ಸು ಹೆಚ್ಚುತ್ತದೆ. ಆಸ್ಪತ್ರೆ ಖರ್ಚಿಗೆ ಹೊಲ ಮಾರಿದ ಮನೆಗಳನ್ನು ನಮ್ಮ ಸುತ್ತಲಲ್ಲೇ ನೋಡಿದ್ದೇನೆ.

ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯೂ ಕುಡಿತದಿಂದ ಊದಿಕೊಳ್ಳುತ್ತದೆ. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಚುಚ್ಚಿದಂತಿದ್ದು ವಾಂತಿ ನಿಲ್ಲದಿದ್ದರೆ ಗ್ಯಾಸ್ ಅಂತ ಸೋಡಾ ಕುಡಿಸಿ ಕೂರಬೇಡಿ. ರಕ್ತವಾಂತಿ, ಟಾರಿನಂತೆ ಕಪ್ಪು ಮಲ, ಕಣ್ಣು ಹಳದಿ, ಹೊಟ್ಟೆ ಉಬ್ಬರ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಷ್ಟು ಕುಡಿದರೆ ಅಪಾಯವಿಲ್ಲ ಅಂತ ಕೇಳುವವರಿದ್ದಾರೆ. ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಾಯಿ, ಅನ್ನನಾಳ, ಲಿವರು, ದೊಡ್ಡಕರುಳಿನ ಕ್ಯಾನ್ಸರಿಗೂ ಮದ್ಯ ಕಾರಣ.

ಬಿಡುವವರಿಗೆ ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ಅಂಥವರು ವೈದ್ಯರನ್ನು ಕಂಡು ಔಷಧಿಯ ಆಸರೆಯಲ್ಲಿ ಬಿಡಬೇಕು. ಸಲಹೆಗೆ ಸರ್ಕಾರದ ಉಚಿತ ದೂರವಾಣಿ 14446 ಇದೆ. ಮನೆಯವರು ಬೈಯುವುದರ ಬದಲು ಜೊತೆಯಲ್ಲಿ ಆಸ್ಪತ್ರೆಗೆ ಹೋದರೆ ಅರ್ಧ ಕೆಲಸ ಆದ ಹಾಗೆ.