ನುಡಿಗೂ ಒಂದು ತೂಕವಿರಲಿ



ಕಬ್ಬಿನ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತಾಗ ರೈತನ ಕಣ್ಣು ತೂಕದ ಮೇಲೆಯೇ ಇರುತ್ತದೆ. ಒಂದು ಕ್ವಿಂಟಲ್ ಹೆಚ್ಚು ಕಡಿಮೆಯಾದರೂ ಆತ ಸುಮ್ಮನಿರನು. ಆದರೆ ರಾಜಕೀಯದ ವಾದಕ್ಕೆ ಕುಳಿತಾಗ ಮಾತಿನ ತೂಕ ನೋಡುವವರು ವಿರಳ. ಹತ್ತು ಜನ ಸೇರಿದ್ದು ಊರೇ ಸೇರಿದಂತಾಗುತ್ತದೆ. ಕಿವಿಯಿಂದ ಕೇಳಿದ್ದು ಕಣ್ಣಾರೆ ಕಂಡಂತಾಗುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ನಮಗೆ ಗಡಿಯ ಮಾತು ಹೊಸದಲ್ಲ. 1966ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮೆಹರ್‌ಚಂದ್ ಮಹಾಜನರ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದನ್ನು ಕೆಲವರು 'ತೀರ್ಪು' ಎಂದು ಕರೆಯುತ್ತಾರೆ. ಅದು ಶಿಫಾರಸು. ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು.

'ಮಹಾಜನ ವರದಿಯೇ ಅಂತಿಮ' ಎಂದು ಘೋಷಿಸುವ ನಮ್ಮವರು ಒಂದು ವಿಷಯ ಅರಿತಿರಬೇಕು. ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯಲಿ ಎಂದ ಅದೇ ವರದಿ, ನಿಪ್ಪಾಣಿ ಮತ್ತು ಖಾನಾಪುರ ಮಹಾರಾಷ್ಟ್ರಕ್ಕೆ ಸೇರಲಿ ಎಂದಿತು. 'ವರದಿ ನಮಗೇನೂ ಕೊಡಲಿಲ್ಲ' ಎನ್ನುವ ಆಚೆಯವರ ಮಾತೂ ಅಷ್ಟೇ ಹಗುರ. ಅಕ್ಕಲಕೋಟೆ ಕರ್ನಾಟಕಕ್ಕೆ ಬರಲಿ ಎಂದದ್ದನ್ನು ನಾವು ನೆನೆದರೆ ಸಾಲದು, ನಿಪ್ಪಾಣಿಯ ವಿಷಯವನ್ನೂ ಹೇಳಬೇಕು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು ಹೇಳದಿರುವುದನ್ನು 'ಗೆದ್ದೆವು' ಎಂದು ಯಾರೂ ಸಾರಬಾರದು.

ಮಾತು ಮಿತಿ ಮೀರಿದರೆ ಏನಾಗುತ್ತದೆ? 2022ರ ಡಿಸೆಂಬರಿನಲ್ಲಿ ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಮಿರಜದ ಆಸ್ಪತ್ರೆಗೆ ಹೊರಟ ರೋಗಿಗೆ, ಇಚಲಕರಂಜಿಗೆ ಕೊಟ್ಟ ಮಗಳನ್ನು ನೋಡಹೊರಟ ತಾಯಿಗೆ ಬಸ್ಸು ನಿಂತರೆ ದಾರಿಯೇನು? ಬೀಗರು ಆಚೆ, ಬಂಧುಗಳು ಈಚೆ ಇರುವ ಸೀಮೆ ನಮ್ಮದು. ಇಲ್ಲಿ ಉತ್ಪ್ರೇಕ್ಷೆಯ ಬೆಲೆಯನ್ನು ಅದನ್ನು ಆಡಿದವನು ತೆರುವುದಿಲ್ಲ, ಹಾದಿಹೋಕನು ತೆರುತ್ತಾನೆ.

ನಾಡಭಿಮಾನ ಬೇಡವೆಂದು ನಾವು ಹೇಳುವುದಿಲ್ಲ. ನಿಜವಾದ ಹಕ್ಕಿಗೆ ಸುಳ್ಳಿನ ಆಸರೆ ಬೇಕಿಲ್ಲ. ಒಂದು ಸುಳ್ಳು ಬಯಲಾದರೆ ನೂರು ಸತ್ಯಕ್ಕೂ ಸಂಶಯ ತಟ್ಟುತ್ತದೆ. ಕಟ್ಟೆಯ ಮೇಲೆ ಕೂಡುವ ಹಿರಿಯರು ವಾದ ಕಾವೇರಿದಾಗ, 'ತಮ್ಮಾ, ಇದು ಯಾರು ಹೇಳಿದ್ದು? ಶಿಫಾರಸೋ, ಆದೇಶವೋ?' ಎಂದು ಕೇಳಿರಿ. ಎದುರಾಳಿಯ ಪರವಾಗಿರುವ ಸತ್ಯವನ್ನೂ ಬಾಯಿಬಿಟ್ಟು ಹೇಳಿರಿ. ಆಗ ನಿಮ್ಮ ಪರವಾದ ಮಾತನ್ನು ಅವನೂ ಕಿವಿಗೊಟ್ಟು ಕೇಳುವನು. ನುಡಿ ಶುದ್ಧವಿದ್ದ ಊರಿನಲ್ಲಿ ನೆರೆಹೊರೆಯ ನಂಟು ಉಳಿಯುತ್ತದೆ.